ಉಸಿರಿನ ಧ್ಯಾನವೂ ಲಿಂಗಪೂಜೆಯೂ

ವಿಪಶ್ಯನ ಧ್ಯಾನ ಕಲಿಯಲು ಬೆಂಗಳೂರಿನ ಧಮ್ಮ ಪಫುಲ್ಲಕ್ಕೆ ಹೋಗಬಹುದೇ ಎಂದು ಸತ್ಯನಾರಾಯಣಪೇಟೆಯ ಸದ್ಭಕ್ತರು ನಮ್ಮನ್ನು ಕೇಳುತ್ತಾರೆ. ಬೌದ್ಧಮಾರ್ಗ ಈ ಸೀಮೆಗೆ ಹೊಸದಲ್ಲ. ನಮ್ಮ ಸಿರುಗುಪ್ಪ ತಾಲೂಕಿನ ನಿಟ್ಟೂರು, ಉಡೇಗೋಳಗಳಲ್ಲಿ ಅಶೋಕನ ಶಾಸನಗಳಿವೆ. ಉಪಾಸಕನಾದ ಮೇಲೂ ಮೊದಮೊದಲು ತಾನು ಹೆಚ್ಚು ಸಾಧನೆ ಮಾಡಲಿಲ್ಲವೆಂದು ಆ ಚಕ್ರವರ್ತಿಯೇ ಕಲ್ಲಿನಲ್ಲಿ ಬರೆಸಿದ್ದಾನೆ!

ಗೋಯೆಂಕಾ ಅವರು 1969ರಲ್ಲಿ ಬರ್ಮಾದಿಂದ ತಂದ ಈ ಪದ್ಧತಿಯಲ್ಲಿ 10 ದಿನಗಳ ಶಿಬಿರ, ಮೌನ, ಶುಲ್ಕವಿಲ್ಲ. ಮೊದಲು ಉಸಿರನ್ನು, ಬಳಿಕ ಮೈಯ ನೋವು, ನವೆ, ಬಿಸಿಗಳನ್ನು ಸುಮ್ಮನೆ ಗಮನಿಸುತ್ತ ಕೂಡಬೇಕು. ಅಂಗೈಯ ಇಷ್ಟಲಿಂಗವನ್ನು ಎವೆಯಿಕ್ಕದೆ ನೋಡಿ ಬಲ್ಲವರಿಗೆ ಇದು ತೀರ ಅಪರಿಚಿತವೇನಲ್ಲ. ಆದರೆ ಶಿಬಿರದಲ್ಲಿ ಪೂಜೆ, ಜಪ ನಿಲ್ಲಿಸಬೇಕೆಂಬ ನಿಯಮವಿದೆ. ಒಪ್ಪಿ ಹೋಗಿ ಕದ್ದು ಪೂಜಿಸುವುದು ಎರಡೂ ಕಡೆಗೆ ವಂಚನೆ. ದೀಕ್ಷಾವಂತರು ತಮ್ಮ ನಿತ್ಯಪೂಜೆಯ ವಿಷಯವನ್ನು ಅಲ್ಲಿಯವರಲ್ಲಿ ಮೊದಲೇ ಕೇಳಲಿ. ಅವರು ಒಪ್ಪದಿದ್ದರೆ ಹೋಗುವುದು ಬೇಡ. ಮನೆಯಲ್ಲೇ ಗಡಿಬಿಡಿಯಿಲ್ಲದೆ ಪೂಜೆಗೆ ಕೂಡಲಿ.