ಏಕಾಂತವಾಸದಲ್ಲಿ ಸೂಜಿಕಾಯಕ

2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ಸೋಂಕಿನಿಂದಾದ ದೇಶದ ಮೊದಲ ಸಾವು ಕಲಬುರಗಿಯಿಂದ ವರದಿಯಾಯಿತು. ಅದೇ ತಿಂಗಳ 25ರಿಂದ 21 ದಿನಗಳ ಕಾಲ ದೇಶವೆಲ್ಲ ಮನೆಯೊಳಗೆ ಉಳಿಯಿತು. ಆ ನಿರ್ಬಂಧ ಅನಂತರವೂ ಮುಂದುವರಿಯಿತು. ಜಾತ್ರೆ, ರಥೋತ್ಸವ, ಸಾಮೂಹಿಕ ದಾಸೋಹ, ಶಿವಾನುಭವ ಗೋಷ್ಠಿಗಳು ನಿಂತುಹೋದ ಆ ದಿನಗಳು ನಮ್ಮೆಲ್ಲರ ನೆನಪಿನಲ್ಲಿವೆ. ಆ ಸಂಕಟವೇನೋ ಕಳೆಯಿತು. ಆದರೆ ಮನೆಯಲ್ಲಿಯೇ ಪ್ರತ್ಯೇಕವಾಗಿ ಇರಬೇಕಾದ ಸಂದರ್ಭಗಳು ಇಂದಿಗೂ ಬರುತ್ತಲೇ ಇವೆ. ಸೀತಾಳೆ ಸಿಡುಬು ಬಂದವರು ಗುಳ್ಳೆಗಳೆಲ್ಲ ಒಣಗಿ ಹಕ್ಕಳೆಗಟ್ಟುವವರೆಗೆ ಇತರರಿಂದ ದೂರವಿರಬೇಕಾಗುತ್ತದೆ. ಶ್ವಾಸಕೋಶದ ಕ್ಷಯಕ್ಕೆ ಔಷಧ ಆರಂಭಿಸಿದವರು ಮೊದಲ ಕೆಲವು ವಾರ ಎಚ್ಚರದಿಂದಿರಬೇಕಾಗುತ್ತದೆ. ಕೀಮೋಥೆರಪಿ ಪಡೆಯುತ್ತಿರುವವರು, ಮೂತ್ರಪಿಂಡದ ಕಸಿ ಮಾಡಿಸಿಕೊಂಡವರು ಸೋಂಕು ತಗಲಬಾರದೆಂದು ಜನಸಂದಣಿಯನ್ನು ತೊರೆಯಬೇಕಾಗುತ್ತದೆ.

ಇಂತಹವರಿಗೆ ಮನೆಯವರು ಪ್ರೀತಿಯಿಂದ ಹೇಳುವ ಮಾತು ಒಂದೇ: “ನೀವು ಏನೂ ಮಾಡಬೇಡಿ, ಸುಮ್ಮನೆ ಮಲಗಿರಿ.” ಜ್ವರ, ನಿಶ್ಶಕ್ತಿ ಇರುವಾಗ ಈ ಮಾತು ಸರಿ. ಜ್ವರ ಬಿಟ್ಟ ಮೇಲೂ ಇದೇ ಮಾತು ಮುಂದುವರಿದರೆ ಹಾನಿ ಆರಂಭವಾಗುತ್ತದೆ. ಜೀವನವಿಡೀ ದುಡಿದ ಹಿರಿಯರಿಗೆ ತಾವು ಮನೆಗೆ ಭಾರವಾದೆವು ಎಂಬ ಭಾವನೆ ಮೂಡುತ್ತದೆ. ಹಗಲಿನಲ್ಲಿ ನಿದ್ರೆ, ಇರುಳಿನಲ್ಲಿ ಎಚ್ಚರ, ಊಟದಲ್ಲಿ ಅರುಚಿ ಕಾಣಿಸಿಕೊಳ್ಳುತ್ತವೆ. ಕೈಬೆರಳುಗಳು ಬಿಗಿಯುತ್ತವೆ. ರೋಗ ವಾಸಿಯಾದರೂ ರೋಗಿ ಚೇತರಿಸಿಕೊಳ್ಳದೆ ಇರುವುದಕ್ಕೆ ಇದೂ ಒಂದು ಕಾರಣ. ಆದ್ದರಿಂದ ಏಕಾಂತವಾಸದಲ್ಲಿ ಇರುವವರ ಕೈಗೆ ಒಂದು ಹಗುರವಾದ ಕೆಲಸ ಕೊಡುವುದು ಆರೋಗ್ಯದ ವಿಷಯವೇ ಆಗಿದೆ.

ನಮ್ಮ ಶರಣರು ಕೆಲಸವನ್ನು ಕಾಯಕವೆಂದು ಕರೆದರು. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆಗಳಿದ್ದರು. ನೂಲುವ ಕಾಯಕದ ಕದಿರೆ ರೆಮ್ಮವ್ವೆ ಇದ್ದರು. ಸೂಜಿ, ಕದಿರುಗಳು ಅವರ ಹೆಸರಿನೊಡನೆ ಶಾಶ್ವತವಾಗಿ ಉಳಿದಿವೆ. ಹೊಲಿಗೆ ಹೆಂಗಸರಿಗೆ ಮಾತ್ರ ಎಂದು ತಿಳಿಯುವ ಗಂಡಸರು ರಾಮಿತಂದೆಗಳನ್ನು ನೆನೆಯಬೇಕು. ಕಾಯಕಕ್ಕೂ ಕಾಲಹರಣಕ್ಕೂ ವ್ಯತ್ಯಾಸವಿದೆ. ಕಾಲಹರಣಕ್ಕೆ ಅಳತೆಯಿಲ್ಲ, ಅದು ಯಾರಿಗೂ ಸಲ್ಲುವುದಿಲ್ಲ. ಕಾಯಕಕ್ಕೆ ದಿನದ ಅಳತೆಯಿದೆ, ಮುಗಿದ ಮೇಲೆ ಅದು ದಾಸೋಹವಾಗಿ ಇನ್ನೊಬ್ಬರಿಗೆ ಸಲ್ಲುತ್ತದೆ. ರೋಗಿಯ ಕೋಣೆಗೆ ಬೇಕಾದುದು ಈ ಎರಡು ಗುಣಗಳೇ.

ಆಧುನಿಕ ವೈದ್ಯವೂ ಇದನ್ನು ಬಲ್ಲದು. 1914ರಿಂದ 1918ರವರೆಗಿನ ಮಹಾಯುದ್ಧದಲ್ಲಿ ಗಾಯಗೊಂಡು ಆಸ್ಪತ್ರೆ ಸೇರಿದ ಸೈನಿಕರಿಗೆ ನೇಯ್ಗೆ, ಬುಟ್ಟಿ ಹೆಣೆಯುವುದು, ಕಸೂತಿ ಮೊದಲಾದ ಕೈಕೆಲಸಗಳನ್ನು ಚಿಕಿತ್ಸೆಯ ಭಾಗವಾಗಿ ಕಲಿಸಲಾಯಿತು. ಆಕ್ಯುಪೇಷನಲ್ ಥೆರಪಿ ಎಂಬ ಚಿಕಿತ್ಸಾಶಾಖೆ ಬೆಳೆದುದು ಆ ಕಾಲದಲ್ಲಿಯೇ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಪ್ರಾದೇಶಿಕ ಕಚೇರಿಯು 3,000ಕ್ಕೂ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿ, ಕಲೆ ಮತ್ತು ಕರಕುಶಲ ಕೆಲಸಗಳು ಆರೋಗ್ಯಪಾಲನೆಗೂ ರೋಗನಿರ್ವಹಣೆಗೂ ನೆರವಾಗಬಲ್ಲವೆಂದು ವರದಿ ನೀಡಿತು. ಇವು ಔಷಧಕ್ಕೆ ಬದಲಿಯಲ್ಲ, ಔಷಧದ ಜೊತೆಗಿನ ಆಸರೆ.

ಕೈಕೆಲಸಗಳಲ್ಲಿ ಕೌದಿಯನ್ನು ನಾವು ಮೊದಲು ಹೇಳುತ್ತೇವೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಇದನ್ನು ಪರಿಚಯಿಸಬೇಕಾಗಿಲ್ಲ. ಹಳೆಯ ಸೀರೆ, ಧೋತರ, ಹರಿದ ಅಂಗಿಗಳ ಚೂರುಗಳನ್ನು ಪದರಪದರವಾಗಿ ಹಾಸಿ ಹೊಲಿದರೆ ಕೌದಿಯಾಗುತ್ತದೆ. ಖರ್ಚು ದಾರದ ಉಂಡೆಯೊಂದರದು ಮಾತ್ರ. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಸಮುದಾಯದ ತಾಯಂದಿರು ಅಂಚಿನಿಂದ ಆರಂಭಿಸಿ ಸುತ್ತುತ್ತ ನಡುವಿಗೆ ಬರುವ ಕ್ರಮದಲ್ಲಿ ಕೌದಿ ಹೊಲಿಯುತ್ತಾರೆ; ಮೂಲೆಗಳಲ್ಲಿ ಮಡಚಿದ ಬಟ್ಟೆಯ ಹೂವನ್ನಿಟ್ಟು ಮುಗಿಸುತ್ತಾರೆ. ಯಾವ ಚೂರಿನ ಪಕ್ಕದಲ್ಲಿ ಯಾವ ಬಣ್ಣ ಬರಬೇಕೆಂಬುದು ಹೊಲಿಯುವವರ ಇಷ್ಟ. ಹೊರಗೆ ಹೋಗಲಾರದವರಿಗೂ ಈ ಸ್ವಾತಂತ್ರ್ಯ ಉಳಿದಿರುತ್ತದೆ.

ಹೊಸಬರು ದೊಡ್ಡ ಹೊದಿಕೆಗೆ ಕೈಹಾಕಬಾರದು. ಮೂರು ಅಡಿ ಉದ್ದ, ಎರಡು ಅಡಿ ಅಗಲದ ತೊಟ್ಟಿಲ ಕೌದಿ ಸಾಕು. ಒಗೆದು ಒಣಗಿಸಿದ ಮೆತ್ತನೆಯ ಹತ್ತಿಯ ಸೀರೆಯನ್ನು ಎರಡು ಅಥವಾ ಮೂರು ಪದರವಾಗಿ ಮಡಚಿ ಹಾಸಬೇಕು. ಅದರ ಮೇಲೆ ಬಣ್ಣದ ಚೂರುಗಳನ್ನು ಅಂಚು ಒಳಮಡಚಿ ಜೋಡಿಸಬೇಕು. ಮೊದಲು ದೊಡ್ಡ ದೊಡ್ಡ ಹೊಲಿಗೆಗಳಿಂದ ಎಲ್ಲವನ್ನೂ ಹಿಡಿದು ನಿಲ್ಲಿಸಿ, ಅನಂತರ ಸೂಜಿಯನ್ನು ಮೇಲೆ ಕೆಳಗೆ ಆಡಿಸುತ್ತ ಉದ್ದಕ್ಕೆ ಸಾಲು ಹೊಲಿಯಬೇಕು. ಸಾಲುಗಳ ನಡುವೆ ಒಂದು ಬೆರಳಗಲ ಬಿಟ್ಟರೆ ಸುಮಾರು ಮೂವತ್ತು ಸಾಲುಗಳಾಗುತ್ತವೆ. ದಿನಕ್ಕೆ ಎರಡು ಸಾಲಿನಂತೆ, ಬೆಳಗಿನ ಪೂಜೆಯ ನಂತರ ಒಂದು, ಮಧ್ಯಾಹ್ನದ ವಿಶ್ರಾಂತಿಯ ನಂತರ ಒಂದು ಹೊಲಿದರೆ ಹದಿನೈದು ದಿನಕ್ಕೆ ಕೌದಿ ಸಿದ್ಧವಾಗುತ್ತದೆ. ವಾರ, ತಿಥಿಗಳ ಗುರುತೇ ಅಳಿದುಹೋದ ಕೋಣೆಯಲ್ಲಿ ಈ ಎರಡು ಸಾಲುಗಳು ದಿನವನ್ನು ಎಣಿಸಿಕೊಡುತ್ತವೆ. ಉತ್ಸಾಹದಿಂದ ಒಂದೇ ದಿನ ಹತ್ತು ಸಾಲು ಹೊಲಿದು ಮರುದಿನ ಬಳಲುವುದು ಬೇಡ.

ಎಲ್ಲರಿಗೂ ಕೌದಿಯೇ ಆಗಬೇಕೆಂದಿಲ್ಲ. ದೃಷ್ಟಿ ಚೆನ್ನಾಗಿರುವವರು ಕಸೂತಿಯನ್ನು ಹಿಡಿಯಬಹುದು. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ಅದರ ನಾಲ್ಕು ಹೊಲಿಗೆಗಳಲ್ಲಿ ಬಟ್ಟೆಯ ಎಳೆಗಳನ್ನು ಎಣಿಸುತ್ತ, ಗಂಟು ಹಾಕದೆ ಸಾಗಬೇಕಾದುದರಿಂದ ಚಿಂತೆ ತುಂಬಿದ ಮನಸ್ಸು ಒಂದೆಡೆ ನಿಲ್ಲುತ್ತದೆ. ಕೈ ನಡುಗುವವರು, ಕಣ್ಣು ಮಂಜಾದವರು ಹತ್ತಿಯ ಬತ್ತಿಗಳನ್ನು ಹೊಸೆಯಬಹುದು, ಚೂರುಗಳನ್ನು ಬಣ್ಣದಂತೆ ವಿಂಗಡಿಸಿ ಕೊಡಬಹುದು. ಮಕ್ಕಳು ಹಾಳೆಯ ಮೇಲೆ ಚುಕ್ಕಿಯಿಟ್ಟು ರಂಗೋಲಿ ಬಿಡಿಸಬಹುದು.

ಕೆಲವು ಎಚ್ಚರಗಳು ಅಗತ್ಯ. ಹಳೆಯ ಬಟ್ಟೆಯ ಧೂಳು ಉಬ್ಬಸವನ್ನೂ ಕೆಮ್ಮನ್ನೂ ಕೆರಳಿಸುವುದರಿಂದ ಒಗೆಯದ ಬಟ್ಟೆಯನ್ನು ರೋಗಿಯ ಕೋಣೆಗೆ ಒಯ್ಯಬಾರದು. ಕಿಟಕಿ ತೆರೆದಿರಬೇಕು, ಹಗಲಿನ ಬೆಳಕಿನಲ್ಲಿಯೇ ಹೊಲಿಯಬೇಕು. ಬೆನ್ನಿಗೆ ಆಸರೆ ಇರಬೇಕು; ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆದು, ದೂರದ ಮರವನ್ನೋ ಗೋಪುರವನ್ನೋ ನೋಡಿ ಕಣ್ಣಿಗೆ ವಿಶ್ರಾಂತಿ ಕೊಡಬೇಕು. ಮಧುಮೇಹದಿಂದ ಬೆರಳುಗಳ ಸ್ಪರ್ಶಜ್ಞಾನ ಕುಂದಿದವರಿಗೆ ಸೂಜಿ ಚುಚ್ಚಿದ್ದು ತಿಳಿಯದೆ ಗಾಯ ಕೀವಾಗಬಹುದು. ಕೀಮೋಥೆರಪಿ ಪಡೆಯುತ್ತಿರುವವರಿಗೂ ಸಣ್ಣ ಗಾಯ ಅಪಾಯಕರ. ಇವರಿಬ್ಬರೂ ವೈದ್ಯರನ್ನು ಕೇಳದೆ ಸೂಜಿ ಹಿಡಿಯಬಾರದು. ಬತ್ತಿ ಹೊಸೆಯುವಂತಹ ಕೆಲಸ ಅವರಿಗೆ ಮೇಲು. ಮುಗಿದ ಕೌದಿಯನ್ನು ಬಿಸಿನೀರು, ಸಾಬೂನಿನಿಂದ ಒಗೆದು, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿದ ಮೇಲೆಯೇ ಇತರರಿಗೆ ಕೊಡಬೇಕು.

ಕೆಲಸವನ್ನು ಯಾವಾಗ ಬಿಡಬೇಕೆಂಬುದೂ ತಿಳಿದಿರಬೇಕು. ಜ್ವರ ಮರುಕಳಿಸಿದರೆ, ಉಸಿರಾಟ ಕಷ್ಟವಾದರೆ, ರಕ್ತದ ಆಮ್ಲಜನಕದ ಪ್ರಮಾಣ 94ಕ್ಕಿಂತ ಕೆಳಗಿಳಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಯಾವುದರಲ್ಲಿಯೂ ಆಸಕ್ತಿಯಿಲ್ಲದೆ ಎರಡು ವಾರ ಕಳೆದರೆ, ಬದುಕು ಬೇಡವೆಂಬ ಮಾತು ಬಾಯಿಗೆ ಬಂದರೆ ಅದನ್ನು ಸೋಮಾರಿತನವೆಂದು ಜರೆಯಬಾರದು, ಸೂಜಿ ದಾರದಿಂದ ವಾಸಿಯಾಗುತ್ತದೆಂದು ಕಾಯಲೂ ಬಾರದು. 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಯಲ್ಲಿ ದಿನದ ಯಾವ ಹೊತ್ತಿನಲ್ಲಿಯೂ ಉಚಿತವಾಗಿ, ಕನ್ನಡದಲ್ಲಿಯೇ ಸಲಹೆ ಪಡೆಯಬಹುದು.

ಮನೆಯವರಿಗೂ ಒಂದು ಮಾತು. ಕೌದಿ ಯಾರಿಗೆ ಎಂಬುದನ್ನು ಮೊದಲೇ ನಿಶ್ಚಯಿಸಿರಿ. ಹುಟ್ಟಲಿರುವ ಮೊಮ್ಮಗುವಿಗಾಗಲಿ, ನೆರೆಮನೆಯ ಬಾಣಂತಿಗಾಗಲಿ, ಮಠದ ಪ್ರಸಾದ ನಿಲಯದ ವಿದ್ಯಾರ್ಥಿಗಾಗಲಿ, ಅದನ್ನು ಪಡೆಯುವವರ ಹೆಸರು ಹೊಲಿಯುವವರಿಗೆ ತಿಳಿದಿರಲಿ. ದಿನಕ್ಕೊಮ್ಮೆ ಬಾಗಿಲಾಚೆ ನಿಂತು “ಇವತ್ತು ಎಷ್ಟು ಸಾಲು ಆಯಿತವ್ವಾ?” ಎಂದು ಕೇಳಿರಿ. ಹೊಲಿಗೆ ಅಂಕುಡೊಂಕಾಗಿದ್ದರೆ ತಿದ್ದಲು ಹೋಗಬೇಡಿರಿ. ಇನ್ನೊಂದು ಜೀವಕ್ಕೆ ಬೆಚ್ಚನೆಯ ಹೊದಿಕೆಯಾಗುವಷ್ಟು ಕೆಲಸವನ್ನು ತಾವು ಮಾಡಬಲ್ಲೆವೆಂಬ ಅರಿವು ರೋಗಿಯಲ್ಲಿ ಮೂಡಿದರೆ, ಔಷಧ ತನ್ನ ಪಾಲಿನ ಕೆಲಸವನ್ನು ಮಾಡಲು ಮನಸ್ಸೂ ಜೊತೆಗೂಡುತ್ತದೆ.