ಡಬಲ್ ಬಾಸ್ ವಾದ್ಯಕ್ಕೆ ಆಕ್ಟೇವ್ ಪೆಡಲ್: ಆಯ್ಕೆಯ ತತ್ತ್ವ

1

ಸಾಮಾನ್ಯ ಬಳಕೆಯಲ್ಲಿರುವ ಪಾಶ್ಚಾತ್ಯ ತಂತಿವಾದ್ಯಗಳಲ್ಲಿ ಗಾತ್ರದಿಂದಲೂ ನಾದದ ಗಾಂಭೀರ್ಯದಿಂದಲೂ ಹಿರಿದಾದುದು ಡಬಲ್ ಬಾಸ್. ನಿಲ್ಲಿಸಿ ನುಡಿಸುವ ಈ ವಾದ್ಯಕ್ಕೆ ಪಿಕಪ್ಪನ್ನೂ ಆಂಪ್ಲಿಫೈಯರನ್ನೂ ಜೋಡಿಸಿಕೊಳ್ಳುವ ವಾದಕರಲ್ಲಿ ಕೆಲವರು ಅವೆರಡರ ನಡುವೆ ಆಕ್ಟೇವ್ ಪೆಡಲ್ ಎಂಬ ಉಪಕರಣವನ್ನೂ ಇರಿಸಿಕೊಳ್ಳುವುದುಂಟು. ಇದು ನೆಲದ ಮೇಲಿಟ್ಟು ಕಾಲಿನಿಂದ ಒತ್ತುವ ಸಣ್ಣ ಲೋಹದ ಪೆಟ್ಟಿಗೆ. ನುಡಿಸಿದ ಸ್ವರಕ್ಕೆ ಅದರ ಕೆಳಸ್ಥಾಯಿಯ ಅಥವಾ ಮೇಲುಸ್ಥಾಯಿಯ ಸ್ವರವನ್ನು ಕೂಡಿಸಿ ಹೊರಗೆಡಹುವುದು ಇದರ ಕೆಲಸ.

ಇಂತಹ ಪೆಡಲುಗಳು ಮಾರುಕಟ್ಟೆಯಲ್ಲಿ ಹಲವಾರಿವೆ. ಇವುಗಳಲ್ಲಿ ಡಬಲ್ ಬಾಸಿಗೆ ಒಪ್ಪುವುದು ಯಾವುದು ಎಂಬ ಪ್ರಶ್ನೆ ಬಂದಾಗ ಒಂದು ಪೆಟ್ಟಿಗೆಯನ್ನು ಇನ್ನೊಂದರೊಡನೆ ಹೋಲಿಸಿ ಉತ್ತರ ಹೇಳುವುದು ವಾಡಿಕೆ. ಈ ಕ್ರಮ ಸಾಲದೆಂದು ನಮ್ಮ ಅಭಿಪ್ರಾಯ. ಯಾವುದೇ ಉಪಕರಣವು ತಾನು ಮೊದಲು ಯಾವ ವಾದ್ಯಕ್ಕಾಗಿ ಹುಟ್ಟಿತೋ ಆ ವಾದ್ಯದ ಗುಣಗಳನ್ನೇ ಮುಂದೆಯೂ ನಿರೀಕ್ಷಿಸುತ್ತದೆ. ಆ ಹುಟ್ಟನ್ನು ಅರಿಯದೆ ಮಾಡಿದ ಆಯ್ಕೆಯಿಂದ ಹಣವಷ್ಟೇ ವ್ಯರ್ಥವಾಗುವುದಿಲ್ಲ. ವೃಂದದ ಶ್ರುತಿಗೂ ಲಯಕ್ಕೂ ಆಧಾರವಾದ ಬಾಸಿನ ಸ್ವರವೇ ಕದಡುತ್ತದೆ. ಇತಿಹಾಸದ ವಿದ್ಯಾರ್ಥಿಗಳಾದ ನಾವು ಈ ವಿಷಯವನ್ನು ಕೈಗೆತ್ತಿಕೊಂಡಿರುವುದು ಈ ಕಾರಣದಿಂದಲೇ.

2

ಸ್ವರವೊಂದರ ಕೆಳಗೆ ಅದರದೇ ಮಂದ್ರವನ್ನು ಇರಿಸುವ ಬಯಕೆ ವಿದ್ಯುತ್ತಿಗಿಂತ ಬಹಳ ಹಳೆಯದು. ಯೂರೋಪಿನ ಚರ್ಚುಗಳ ಆರ್ಗನ್ ವಾದ್ಯದಲ್ಲಿ 8 ಅಡಿಯ ಕೊಳವೆಗಳ ಸಾಲಿನೊಡನೆ 16 ಅಡಿಯ ಸಾಲನ್ನು ಕೂಡಿಸಿದರೆ ಅದೇ ಕೀಲಿಗೆ ಒಂದು ಸ್ಥಾಯಿ ಕೆಳಗಿನ ಸ್ವರವೂ ದೊರೆಯುತ್ತದೆ. ದೊಡ್ಡ ಆರ್ಗನ್ನುಗಳಲ್ಲಿ 32 ಅಡಿಯ ಸಾಲೂ ಉಂಟು. ಹದಿನೆಂಟನೆಯ ಶತಮಾನದ ವಾದ್ಯವೃಂದದಲ್ಲಿ ಚೆಲ್ಲೋ ಮತ್ತು ಡಬಲ್ ಬಾಸ್ ವಾದಕರು ಬಹುಮಟ್ಟಿಗೆ ಒಂದೇ ಲಿಖಿತ ಸಾಲನ್ನು ನೋಡಿ ನುಡಿಸುತ್ತಿದ್ದರು; ಬಾಸಿನ ಸ್ವರ ಬರೆದುದಕ್ಕಿಂತ ಒಂದು ಸ್ಥಾಯಿ ಕೆಳಗೆ ಕೇಳಿಬರುತ್ತಿದ್ದಿತು. ಎಂದಮೇಲೆ ಡಬಲ್ ಬಾಸ್ ತಾನೇ ವೃಂದದ ಆಕ್ಟೇವ್ ಉಪಕರಣವಾಗಿದ್ದಿತೆಂದು ಹೇಳಿದರೆ ತಪ್ಪಾಗಲಾರದು.

ಇದಕ್ಕೂ ಕೆಳಗಿಳಿಯುವ ಪ್ರಯತ್ನವೂ ನಡೆದಿದೆ. ಪ್ಯಾರಿಸ್ಸಿನ ಪ್ರಸಿದ್ಧ ವಾದ್ಯಶಿಲ್ಪಿ ಝಾನ್ ಬಾಪ್ತಿಸ್ತ್ ವೀಯೋಮ್ 1850ರ ಸುಮಾರಿಗೆ ಆಕ್ಟೋಬಾಸ್ ಎಂಬ ವಾದ್ಯವನ್ನು ನಿರ್ಮಿಸಿದನು. ಅದರ ಎತ್ತರ ಸುಮಾರು ಮೂರೂವರೆ ಮೀಟರು, ತಂತಿಗಳು ಮೂರು. ಅವುಗಳನ್ನು ಬೆರಳಿನಿಂದ ಒತ್ತಲಾಗದುದರಿಂದ ಸನ್ನೆಗಳನ್ನೂ ಕಾಲುಮಣೆಗಳನ್ನೂ ಅಳವಡಿಸಬೇಕಾಯಿತು. ಮಾಂಟ್ರಿಯಲ್ಲಿನ ಸಿಂಫನಿ ವೃಂದವು 2016ರಲ್ಲಿ ಇಂತಹ ವಾದ್ಯವೊಂದನ್ನು ಪಡೆದುಕೊಂಡಿತಾದರೂ ಆಕ್ಟೋಬಾಸ್ ಎಂದೂ ವ್ಯಾಪಕ ಬಳಕೆಗೆ ಬರಲಿಲ್ಲ. ಡಬಲ್ ಬಾಸಿನ ಕೆಳಗೆ ಸಂಗೀತಕ್ಕೆ ಉಳಿದಿರುವ ಎಡೆ ಕಿರಿದೆಂಬುದಕ್ಕೆ ಇದೊಂದು ಸೂಚನೆ.

3

ಈಗ ವಿದ್ಯುತ್ತಿನ ಕವಲನ್ನು ನೋಡೋಣ. 1918ರಲ್ಲಿ ಇಂಗ್ಲೆಂಡಿನ ಎಕಲ್ಸ್ ಮತ್ತು ಜೋರ್ಡನ್ ಎಂಬವರು ಎರಡು ಸ್ಥಿತಿಗಳ ನಡುವೆ ಹೊರಳುವ ವಿದ್ಯುನ್ಮಂಡಲವೊಂದನ್ನು ರೂಪಿಸಿದರು. ಇಂತಹ ಮಂಡಲವು ಒಳಬರುವ ಅಲೆ ಒಂದು ಸುತ್ತು ಮುಗಿಸಿದೊಡನೆ ಒಮ್ಮೆ ಹೊರಳುವಂತೆ ಮಾಡಿದರೆ, ಎರಡು ಸುತ್ತಿಗೆ ಒಂದರಂತೆ ಹೊಸ ಅಲೆ ಹೊರಡುತ್ತದೆ. ಅಂದರೆ ಸ್ವರ ಒಂದು ಸ್ಥಾಯಿ ಇಳಿಯುತ್ತದೆ. ಕಂಪನ ಸಂಖ್ಯೆಯನ್ನು ಹೀಗೆ ಅರ್ಧಿಸುವ ಕ್ರಮವನ್ನು ಅಮೆರಿಕದ ಹ್ಯಾಮಂಡ್ ಸಂಸ್ಥೆಯು 1939ರಲ್ಲಿ ಮಾರಾಟಕ್ಕೆ ತಂದ ನೋವಕಾರ್ಡ್ ವಾದ್ಯದಲ್ಲಿ ಬಳಸಿಕೊಂಡಿತು. 1965ರಲ್ಲಿ ಸೆಲ್ಮರ್ ಸಂಸ್ಥೆಯ ವಾರಿಟೋನ್ ಉಪಕರಣದ ಮೂಲಕ ಕೆಳಸ್ಥಾಯಿಯ ಸ್ವರ ಸ್ಯಾಕ್ಸೋಫೋನಿಗೆ ದೊರೆಯಿತು. ಜ್ಯಾಸ್ ವಾದಕ ಎಡ್ಡಿ ಹ್ಯಾರಿಸ್ ಇದರಿಂದ ಖ್ಯಾತಿ ಗಳಿಸಿದನು. 1967ರಲ್ಲಿ ರೋಜರ್ ಮೇಯರ್ ರೂಪಿಸಿದ ಆಕ್ಟೇವಿಯಾ ಗಿಟಾರಿಗೆ ಮೇಲುಸ್ಥಾಯಿಯನ್ನು ಒದಗಿಸಿತು. ಜಿಮಿ ಹೆಂಡ್ರಿಕ್ಸ್ ಅದನ್ನು ಬಳಸಿದನು. ಜಪಾನಿನ ಬಾಸ್ ಎಂಬ ಸಂಸ್ಥೆಯ (ಈ ಹೆಸರಿಗೂ ವಾದ್ಯಕ್ಕೂ ಸಂಬಂಧವಿಲ್ಲ) ಓಸಿ-2 ಪೆಡಲು 1982ರಲ್ಲಿ ಬಂದಿತು.

ಇಲ್ಲಿ ವಾಚಕರು ಒಂದು ಅಂಶವನ್ನು ಗಮನಿಸಬೇಕು. ಸ್ಯಾಕ್ಸೋಫೋನು ಒಂದು ಹೊತ್ತಿಗೆ ಒಂದೇ ಸ್ವರವನ್ನು ನುಡಿಯುವ ವಾದ್ಯ. ಗಿಟಾರಿನ ಅಯಸ್ಕಾಂತ ಪಿಕಪ್ ತಂತಿಯ ಚಲನೆಯನ್ನು ಮಾತ್ರ ಗ್ರಹಿಸುವುದರಿಂದ ಅದರ ಸಂಕೇತ ನಿರ್ಮಲವಾದುದು. ಲಿಯೋ ಫೆಂಡರ್ 1951ರಲ್ಲಿ ಹೊರತಂದ ಪ್ರಿಸಿಷನ್ ಬಾಸ್ ಗಿಟಾರಿನದೂ ಇದೇ ಗುಣ. ವಿಭಾಜಕ ಪೆಡಲು ಬೆಳೆದುದು ಇವುಗಳ ಮನೆಯಲ್ಲಿ.

ಡಬಲ್ ಬಾಸಿನ ಕಥೆ ಬೇರೆ. 1940ರ ದಶಕದಲ್ಲಿ ಎವರೆಟ್ ಹಲ್ ಎಂಬ ಅಮೆರಿಕದ ಬಾಸ್ ವಾದಕನು ವಾದ್ಯವನ್ನು ನೆಲಕ್ಕೂರುವ ಗೂಟದಲ್ಲಿ ಮೈಕ್ರೊಫೋನನ್ನು ಹುದುಗಿಸಿದನು. ಆಂಪೆಗ್ ಎಂಬ ಹೆಸರು ಈ ‘ಆಂಪ್ಲಿಫೈಡ್ ಪೆಗ್’ನಿಂದಲೇ ಬಂದುದು. ಅನಂತರ ಕುದುರೆಗೆ ಜೋಡಿಸುವ ಪೀಜೋ ಸ್ಫಟಿಕದ ಪಿಕಪ್ಪುಗಳು ರೂಢಿಗೆ ಬಂದವು. ಒತ್ತಡಕ್ಕೊಳಗಾದ ಸ್ಫಟಿಕ ವಿದ್ಯುತ್ತನ್ನು ತೋರುವುದೆಂಬ ಸಂಗತಿಯನ್ನು ಕ್ಯೂರಿ ಸಹೋದರರು 1880ರಲ್ಲಿ ಕಂಡುಹಿಡಿದಿದ್ದರು. ಇಂತಹ ಪಿಕಪ್ ತಂತಿಯ ಸ್ವರವನ್ನಷ್ಟೇ ಅಲ್ಲ, ಮರದ ಕಂಪನ, ಬೆರಳಿನ ಪೆಟ್ಟು, ಕಮಾನಿನ ಘರ್ಷಣೆ, ಪಕ್ಕದ ತಂತಿಗಳ ಅನುರಣನ ಇವೆಲ್ಲವನ್ನೂ ಗ್ರಹಿಸುತ್ತದೆ. ಸುತ್ತು ಎಣಿಸುವ ಮಂಡಲಕ್ಕೆ ಇವು ಗೊಂದಲದ ಮೂಲ. ಎಣಿಕೆ ತಪ್ಪಿದಾಗ ಸ್ವರ ಒಮ್ಮೆ ಮೇಲಕ್ಕೆ ಒಮ್ಮೆ ಕೆಳಕ್ಕೆ ನೆಗೆಯುತ್ತದೆ. ಬೆರಳಿನಿಂದ ಮೀಟಿದ ಸ್ವರ ಬೇಗನೆ ಕುಂದುವುದರಿಂದ ಅದರ ಕೊನೆಯಲ್ಲಿ ಈ ದೋಷ ಹೆಚ್ಚು.

4

ಇನ್ನು ಲೆಕ್ಕದ ಕಡೆಗೆ ತಿರುಗೋಣ. ಡಬಲ್ ಬಾಸಿನ ನಾಲ್ಕು ತಂತಿಗಳು ಇ, ಎ, ಡಿ, ಜಿ. ಇವುಗಳ ಕಂಪನ ಸಂಖ್ಯೆ ಕ್ರಮವಾಗಿ ಸೆಕೆಂಡಿಗೆ 41.2, 55, 73.4 ಮತ್ತು 98. ಒಂದು ಸ್ಥಾಯಿ ಇಳಿಸಿದರೆ ಇವು 20.6, 27.5, 36.7 ಮತ್ತು 49 ಆಗುತ್ತವೆ. ಮಾನವನ ಕಿವಿಯ ಕೆಳ ಎಲ್ಲೆ ಸುಮಾರು 20. ಬಿಟ್ಟ ತಂತಿಯ ಇ ಸ್ವರಕ್ಕೆ ಕೂಡಿಸಿದ ಮಂದ್ರವು ಆ ಎಲ್ಲೆಯ ಮೇಲೆಯೇ ನಿಲ್ಲುತ್ತದೆ. ಎರಡು ಸ್ಥಾಯಿ ಇಳಿಸಿದರಂತೂ ಅತ್ಯುಚ್ಚ ತಂತಿಯಾದ ಜಿ ಕೂಡ 24.5ಕ್ಕೆ ಬೀಳುವುದು.

ಧ್ವನಿವರ್ಧಕದ ಮಿತಿಯೂ ಉಂಟು. ಅಷ್ಟೇ ಬಲದ ಧ್ವನಿಯನ್ನು ಒಂದು ಸ್ಥಾಯಿ ಕೆಳಗೆ ಹೊರಡಿಸಬೇಕಾದರೆ ಧ್ವನಿವರ್ಧಕದ ಶಂಕುವು ನಾಲ್ಕು ಪಟ್ಟು ದೂರ ಚಲಿಸಬೇಕಾಗುತ್ತದೆ. ಸಾಮಾನ್ಯ ಬಾಸ್ ಧ್ವನಿವರ್ಧಕಗಳು 40ರಿಂದ ಕೆಳಗೆ ಬೇಗನೆ ಬಲಗುಂದುತ್ತವೆ. ಆದಕಾರಣ ಕೆಳಸ್ಥಾಯಿಯ ಪೆಡಲಿಗೆ ಡಬಲ್ ಬಾಸಿನಲ್ಲಿ ನಿಜವಾದ ಕ್ಷೇತ್ರವೆಂದರೆ ಜಿ ತಂತಿ ಮತ್ತು ಡಿ ತಂತಿಯ ಮೇಲುಭಾಗ. ಅಲ್ಲಿ ಅದು ತೆಳುವಾದ ಸ್ವರಕ್ಕೆ ಅಡಿಪಾಯ ಹಾಕುತ್ತದೆ. ಅದಕ್ಕಿಂತ ಕೆಳಗೆ ಕೇವಲ ಗುಡುಗು.

ಮೂರನೆಯದು ವಿಳಂಬ. ಇ ತಂತಿಯ ಒಂದು ಸುತ್ತಿಗೆ ಸುಮಾರು 24 ಮಿಲಿಸೆಕೆಂಡು ಬೇಕು, ಜಿ ತಂತಿಗೆ 10. ಸ್ವರವನ್ನು ಗುರುತಿಸಲು ಕನಿಷ್ಠಪಕ್ಷ ಒಂದು ಸುತ್ತಾದರೂ ಕಾಯಬೇಕಾದ ಮಂಡಲವು ಕೆಳಗಿನ ಸ್ವರಗಳಲ್ಲಿ ತಡವಾಗಿ ಉತ್ತರಿಸುವುದು ಅನಿವಾರ್ಯ. ಇದನ್ನು ತಯಾರಕರ ದೋಷವೆಂದು ಎಣಿಸಬಾರದು.

5

ಪೆಡಲುಗಳನ್ನು ಸ್ಥೂಲವಾಗಿ ಎರಡು ವರ್ಗ ಮಾಡಬಹುದು. ಓಸಿ-2 ಮೊದಲಾದ ಏಕಸ್ವರದ ವಿಭಾಜಕಗಳು ಒಂದು ವರ್ಗ. ಇವುಗಳ ಮಂದ್ರ ದುಂಡಗೆ, ತುಸು ಕೃತಕವಾಗಿ ಇರುತ್ತದೆ. ಎರಡು ತಂತಿಗಳನ್ನು ಒಟ್ಟಿಗೆ ನುಡಿಸಿದರೆ ಇವು ತಬ್ಬಿಬ್ಬಾಗುತ್ತವೆ. ಅಮೆರಿಕದ ಎಲೆಕ್ಟ್ರೋ-ಹಾರ್ಮೋನಿಕ್ಸ್ ಸಂಸ್ಥೆಯು 2005ರಲ್ಲಿ ತಂದ ಪಾಗ್ ಮೊದಲಾದ ಬಹುಸ್ವರದ ಅಂಕೀಯ ಪೆಡಲುಗಳು ಇನ್ನೊಂದು ವರ್ಗ. ಇವು ಹಲವು ಸ್ವರಗಳನ್ನು ಒಮ್ಮೆಗೇ ಸ್ಥಾಯಿ ಬದಲಿಸಬಲ್ಲವು, ಮೇಲುಸ್ಥಾಯಿಯನ್ನೂ ಕೊಡುತ್ತವೆ. 2020ರಲ್ಲಿ ಬಂದ ಓಸಿ-5 ಪೆಡಲಿನಲ್ಲಿ ಎರಡು ಕ್ರಮಗಳೂ ಇವೆ.

ಮೇಲಿನ ವಿವೇಚನೆಯಿಂದ ಆಯ್ಕೆಯ ಕ್ರಮ ತಾನಾಗಿ ಹೊರಡುತ್ತದೆ. ಬೆರಳಿನಿಂದ ಒಂದೊಂದೇ ಸ್ವರ ಮೀಟುವ, ಮೇಲಿನ ತಂತಿಗಳಲ್ಲಿ ರಾಗವಿಸ್ತಾರ ಮಾಡುವ ವಾದಕನಿಗೆ ಏಕಸ್ವರದ ಪೆಡಲು ಸಾಕು. ಕಮಾನಿನಿಂದ ನುಡಿಸುವವನು, ಜೋಡಿ ಸ್ವರ ಹಿಡಿಯುವವನು ಬಹುಸ್ವರದ್ದನ್ನೇ ಆರಿಸಿಕೊಳ್ಳಬೇಕು. ಕಮಾನಿನೊಡನೆ ಮೇಲುಸ್ಥಾಯಿಯ ಫಲ ವಿಶೇಷವಾದುದು: ಜಿ ತಂತಿಯ 98 ಎಂಬುದು 196 ಆಗಿ, ಪಿಟೀಲಿನ ಪಾಶ್ಚಾತ್ಯ ಶ್ರುತಿಯ ಅತಿ ಕೆಳಗಿನ ತಂತಿಗೆ ಸಮನಾಗುತ್ತದೆ. ಡಬಲ್ ಬಾಸಿಗೆ ಕೆಳಸ್ಥಾಯಿಗಿಂತ ಮೇಲುಸ್ಥಾಯಿಯೇ ಹೆಚ್ಚು ಲಾಭಕರವೆಂದು ನಾವು ಭಾವಿಸುತ್ತೇವೆ. ಏಕೆಂದರೆ ಅಲ್ಲಿ ಎಡೆಯುಂಟು.

ಯಾವ ವರ್ಗವಾದರೂ ವಾದ್ಯದ ಮೂಲಸ್ವರಕ್ಕೂ ಕೂಡಿಸಿದ ಸ್ವರಕ್ಕೂ ಬೇರೆಬೇರೆ ಗುಂಡಿಗಳಿರುವುದು ಅವಶ್ಯಕ. ಕೂಡಿಸಿದ ಸ್ವರ ಸದಾ ಮೂಲಸ್ವರಕ್ಕಿಂತ ಹಿಂದಿರಬೇಕು. ಪೀಜೋ ಪಿಕಪ್ಪನ್ನು ನೇರವಾಗಿ ಪೆಡಲಿಗೆ ಜೋಡಿಸದೆ, 1ರಿಂದ 10 ಮೆಗಓಮ್ ಒಳಪ್ರತಿರೋಧವುಳ್ಳ ಪ್ರೀಆಂಪ್ಲಿಫೈಯರಿನ ಮೂಲಕ ಕಳುಹಿಸಬೇಕು. ಇಲ್ಲವಾದರೆ ಸ್ವರದ ಕೆಳಭಾಗವೇ ಸೋರಿಹೋಗುತ್ತದೆ. ಮರದ ಗುಡುಗನ್ನು ಕತ್ತರಿಸುವ ಶೋಧಕವನ್ನು ಪೆಡಲಿನ ಮುಂಚೆ ಇಟ್ಟರೆ ಎಣಿಕೆ ಸುಗಮವಾಗುತ್ತದೆ; ಹಿಂದೆ ಇಟ್ಟರೆ ಹಣ ಕೊಟ್ಟು ಪಡೆದ ಮಂದ್ರವನ್ನೇ ಅದು ತೆಗೆದುಹಾಕೀತು. ಉಕ್ಕಿನ ತಂತಿಯುಳ್ಳವರು ಅಯಸ್ಕಾಂತ ಪಿಕಪ್ಪನ್ನು ಪರೀಕ್ಷಿಸಬಹುದು. ಬಾಸಿನ ಟೊಳ್ಳು ಒಡಲು ಧ್ವನಿವರ್ಧಕದ ನಾದವನ್ನು ಮರಳಿ ಹೀರಿ ಊಳಿಡುವ ಸ್ವಭಾವದ್ದಾದುದರಿಂದ ಕೆಳಸ್ಥಾಯಿಯನ್ನು ಕೂಡಿಸಿದಾಗ ಧ್ವನಿವರ್ಧಕದಿಂದ ದೂರ ನಿಲ್ಲುವುದೂ ಅಗತ್ಯ.

ಕೊಳ್ಳುವ ಮುನ್ನ ವಾದಕನು ತನ್ನ ವಾದ್ಯವನ್ನೇ ಅಂಗಡಿಗೆ ಒಯ್ಯಬೇಕು. ಅಂಗಡಿಯ ಬಾಸ್ ಗಿಟಾರಿನ ಮೇಲೆ ಮಾಡಿದ ಪರೀಕ್ಷೆಗೆ ಇಲ್ಲಿ ಬೆಲೆಯಿಲ್ಲ. ಮೊದಲು ಮೂಲಸ್ವರದ ಗುಂಡಿಯನ್ನು ಪೂರ್ಣ ಇಳಿಸಿ ಜಿ ತಂತಿಯಲ್ಲಿ ಆರೋಹಣ ಅವರೋಹಣಗಳನ್ನು ನಿಧಾನವಾಗಿಯೂ ಬೇಗನೆಯೂ ನುಡಿಸಬೇಕು. ಅನಂತರ ಡಿ ತಂತಿಯನ್ನು ಅನುರಣಿಸಲು ಬಿಟ್ಟು ಅದನ್ನೇ ಪುನಃ ಮಾಡಬೇಕು. ಕೊನೆಗೆ ಒಂದು ಸ್ವರವನ್ನು ಮೀಟಿ, ಅದು ಪೂರ್ತಿ ಅಡಗುವವರೆಗೆ ಆಲಿಸಬೇಕು. ಈ ಮೂರರಲ್ಲಿ ನೆಗೆಯದ ಪೆಡಲು ಬೆಲೆ ಎಷ್ಟೇ ಕಡಿಮೆಯಿರಲಿ ಆ ವಾದ್ಯಕ್ಕೆ ಯೋಗ್ಯವಾದುದು. ಎಲ್ಲ ಪೆಡಲುಗಳೂ ನೆಗೆದರೆ ಬದಲಿಸಬೇಕಾದುದು ಪೆಡಲನ್ನಲ್ಲ, ಪಿಕಪ್ಪನ್ನು.