ಮೈಕ್ ಒತ್ತದ ಮಗಳು

ಸಹೋದರಿಯರೇ, 2021ರ ಜೂನ್‌ನ ಆ ಚಿತ್ರ ನೆನಪಿದೆಯೇ? ಸುಳ್ಯ ತಾಲೂಕಿನ ಬಳ್ಳಕದಲ್ಲಿ ಸುರಿಯುವ ಮಳೆಯಲ್ಲಿ ರಸ್ತೆ ಬದಿ ಕುಳಿತು ಆನ್‌ಲೈನ್ ಪಾಠ ಕೇಳುತ್ತಿದ್ದ ಹುಡುಗಿ, ಅವಳಿಗೆ ಕೊಡೆ ಹಿಡಿದು ನಿಂತ ತಂದೆ. ಬೆಳ್ತಂಗಡಿಯ ಘಟ್ಟದ ಬುಡದ ಹಳ್ಳಿಗಳಲ್ಲೂ ಆಗ ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಿದ ಮಕ್ಕಳಿದ್ದರು. ಆ ಕಷ್ಟ ಸುದ್ದಿಯಾಯಿತು. ಬಂಟ್ವಾಳ, ಮೂಡುಬಿದಿರೆ ಪೇಟೆಯ ಮನೆಗಳಲ್ಲಿ ಸಿಗ್ನಲ್ ಚೆನ್ನಾಗಿದ್ದೂ ಒಂದು ಮಾತೂ ಆಡದೆ ತರಗತಿ ಮುಗಿಸಿದ ಮಕ್ಕಳ ಮೌನ ಸುದ್ದಿಯಾಗಲಿಲ್ಲ.

ಶಾಲೆಗಳು ತೆರೆದು ವರ್ಷಗಳಾದರೂ ಕೋಚಿಂಗ್, ಟ್ಯೂಷನ್, ಕಾಲೇಜಿನ ಕೆಲವು ಪಾಠಗಳು ಇಂದಿಗೂ ಮೊಬೈಲಿನಲ್ಲಿ ನಡೆಯುತ್ತವೆ. ಟೀಚರ್ ಒಂದರ ಹಿಂದೊಂದು ಸ್ಲೈಡ್ ತೋರಿಸಿ 'ಅರ್ಥವಾಯಿತಾ?' ಎನ್ನುತ್ತಾರೆ. ಇಬ್ಬರು 'ಎಸ್ ಮಿಸ್' ಎಂದರೆ ಪಾಠ ಮುಂದಕ್ಕೆ. ನಿಮ್ಮ ಮಗಳು ಆ ಇಬ್ಬರಲ್ಲಿ ಒಬ್ಬಳೇ?

ಆಕೆಗೆ ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಸ್ಲೈಡಿನಲ್ಲಿ ಇಂಗ್ಲಿಷ್. ಉತ್ತರ ಜೋಡಿಸಿ ಮೈಕ್ ಒತ್ತುವಷ್ಟರಲ್ಲಿ ಸ್ಲೈಡ್ ಬದಲಾಗಿರುತ್ತದೆ. ಅಮೆರಿಕದ ಶಿಕ್ಷಣತಜ್ಞೆ ಮೇರಿ ಬಡ್ ರೋ 1970ರ ದಶಕದಲ್ಲೇ ಇದನ್ನು ಗುರುತಿಸಿದ್ದರು. ಪ್ರಶ್ನೆ ಕೇಳಿದ ಶಿಕ್ಷಕರು ಸಾಮಾನ್ಯವಾಗಿ ಕಾಯುವುದು ಒಂದು ಸೆಕೆಂಡಿನಷ್ಟು. ಮೂರು ಸೆಕೆಂಡು ಕಾದರೂ ಸಾಕು, ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿರುವ ಮಕ್ಕಳೂ ಬಾಯಿ ಬಿಡುತ್ತಾರೆ. ನೆಟ್ ತಡವರಿಸುವ ನಮ್ಮೂರಲ್ಲಿ ಹತ್ತು ಸೆಕೆಂಡಾದರೂ ಬೇಡವೇ?

ನಿಮ್ಮಲ್ಲಿ ಶಿಕ್ಷಕಿಯರೂ ಇದ್ದೀರಿ. ನಾಲ್ಕೈದು ಸ್ಲೈಡಿಗೊಮ್ಮೆ ನಿಲ್ಲಿಸಿ, ಅರ್ಥವಾಗಿದ್ದರೆ ಮಾತ್ರ ಉತ್ತರಿಸಬಹುದಾದ ಒಂದು ಪ್ರಶ್ನೆ ಕೇಳಿ. ಎಲ್ಲರೂ ಚಾಟ್‌ನಲ್ಲಿ ಉತ್ತರ ಬರೆದಿಟ್ಟುಕೊಂಡು, ನೀವು ಹೇಳಿದಾಗ ಒಟ್ಟಿಗೆ ಕಳುಹಿಸಲಿ. ಆಗ ಒಬ್ಬರದನ್ನು ನೋಡಿ ಇನ್ನೊಬ್ಬರು ಬರೆಯುವಂತಿಲ್ಲ. ತಪ್ಪಾದವರ ಹೆಸರೆತ್ತದೆ ತಪ್ಪನ್ನು ಮಾತ್ರ ವಿವರಿಸಿ. ಕ್ಯಾಮೆರಾ ತೆರೆಯಲೇಬೇಕೆಂಬ ಹಟ ಬೇಡ. ಒಂದೇ ಕೋಣೆಯ ಮನೆ, ಹಿಂದೆ ಮಲಗಿರುವ ಅಜ್ಜಿ, ಮುಖ ತೋರಿಸಲು ಮುಜುಗರಪಡುವ ಹುಡುಗಿ — ಕಾರಣಗಳು ಹಲವು. ಕ್ಯಾಮೆರಾ ತೆರೆದಿಟ್ಟು ನಿದ್ದೆ ಹೋಗುವವರೂ ಇದ್ದಾರೆ! ಧ್ವನಿ ಕೇಳಿದರೆ ಸಾಲದೇ? ಡೇಟಾವೂ ಉಳಿಯುತ್ತದೆ.

ಇನ್ನು ತಾಯಂದಿರ ಪಾಲು. ಆಕೆ ಮೈಕ್ ಒತ್ತದಿರಲು ಅರ್ಧ ಕಾರಣ ನಾವೇ. ಕುಕ್ಕರಿನ ವಿಸಿಲ್, ಮಿಕ್ಸಿಯ ಸದ್ದು, 'ತಮ್ಮನನ್ನು ಸ್ವಲ್ಪ ನೋಡು' ಎಂಬ ಕೂಗು. (ಮಗನ ಕ್ಲಾಸಿನ ಹೊತ್ತಿನಲ್ಲಿ ಈ ಕೂಗು ಅಪರೂಪ, ಗಮನಿಸಿದ್ದೀರಾ?) ತರಗತಿ ಮುಗಿದ ಮೇಲೆ 'ಏನು ಕಲಿಸಿದರು?' ಎನ್ನುವ ಬದಲು 'ಇವತ್ತು ನೀನು ಯಾವ ಪ್ರಶ್ನೆ ಕೇಳಿದೆ?' ಎಂದು ವಿಚಾರಿಸಿ. ಮೊದಲ ದಿನ 'ಏನೂ ಇಲ್ಲ' ಎಂದಾಳು. ಗದರಬೇಡಿ. ನಾಳಿನ ಪಾಠದ ಬಗ್ಗೆ ಇರುವ ಒಂದು ಸಂಶಯವನ್ನು ನಿಮ್ಮೊಂದಿಗೆ ಬ್ಯಾರಿಯಲ್ಲೇ ಹೇಳಿಕೊಳ್ಳಲಿ, ಆಮೇಲೆ ಕನ್ನಡದಲ್ಲಿ ಚೀಟಿಯಲ್ಲಿ ಬರೆದು ಮೊಬೈಲಿನ ಪಕ್ಕ ಇಟ್ಟುಕೊಳ್ಳಲಿ. ಮಿಕ್ಸಿಯ ಕೆಲಸವನ್ನು ನೀವು ತರಗತಿಗೆ ಮೊದಲೇ ಮುಗಿಸಿಡಿ.